ವೆಬ್‌ಸೈಟ್ ಪರೀಕ್ಷೆಯ ಹಸಿರು ಟಿಕ್ ನಂಬಿ ದುಡ್ಡು ಹಾಕಬೇಡಿ, ನನಗೆ 11,350 ರೂಪಾಯಿ ಹೋಗಿದೆ

ಸಕಲೇಶಪುರ, ಹಾಸನ ಕಡೆಯವರು ದಯವಿಟ್ಟು ಇದನ್ನು ಪೂರ್ತಿ ಓದಿ. ಮನೆಯಲ್ಲಿ ಹೇಳಲು ನಾಚಿಕೆಯಾಗಿ ನಾಲ್ಕು ದಿನ ಸುಮ್ಮನಿದ್ದೆ. ಆ ನಾಲ್ಕು ದಿನವೇ ಮುಳುವಾಯಿತು.

ಮಳೆ ಬಿದ್ದು ತೋಟದ ತುಂಬ ಕಳೆ ಎದ್ದಿತ್ತು. ಆಳು ಸಿಗುವ ಕಷ್ಟ ನಿಮಗೆಲ್ಲ ಗೊತ್ತೇ ಇದೆ. ಕಳೆ ಹೊಡೆಯುವ ಮಷಿನ್‌ಗೆ ಅಂಗಡಿಯಲ್ಲಿ 24,000 ಹೇಳಿದರು. ಒಂದು ವೆಬ್‌ಸೈಟಲ್ಲಿ ಅದೇ ಮಷಿನ್ 16,500. ವಿಳಾಸ ಹಾಸನದ ಬಿ.ಎಂ. ರಸ್ತೆ. ನಮ್ಮೂರ ಕಡೆಯವರೇ ಅಲ್ವಾ ಅಂದುಕೊಂಡೆ.

ನಾನು ಕಣ್ಣು ಮುಚ್ಚಿಕೊಂಡು ದುಡ್ಡು ಹಾಕಿದವನಲ್ಲ, ಇದನ್ನು ಒತ್ತಿ ಹೇಳುತ್ತೇನೆ. ಸೈಟ್ ಒಳ್ಳೆಯದಾ ಕೆಟ್ಟದ್ದಾ ಅಂತ ತೋರಿಸುವ ಒಂದು ಎಕ್ಸ್‌ಟೆನ್ಶನ್, ಅಂದರೆ ಬ್ರೌಸರಿಗೆ ಸೇರಿಸುವ ಸಣ್ಣ ಪ್ರೋಗ್ರಾಮ್ ಅನ್ನು ಅಕ್ಕನ ಮಗ ಲ್ಯಾಪ್‌ಟಾಪಿಗೆ ಹಾಕಿಕೊಟ್ಟಿದ್ದ. ಅದರಲ್ಲಿ ನೋಡಿದೆ. ಹಸಿರು ಟಿಕ್. ಲಿಂಕ್ ಪರೀಕ್ಷೆ ಮಾಡುವ ಇನ್ನೊಂದು ಕಡೆ ಹಾಕಿದೆ, ಅಲ್ಲೂ 'ಅಪಾಯ ಕಂಡುಬಂದಿಲ್ಲ' ಅಂತ ಬಂತು. ಎರಡು ಕಡೆ ಪಾಸಾಯಿತಲ್ಲ ಅಂತ 9,000 ಅಡ್ವಾನ್ಸ್ ಹಾಕಿದೆ.

ಮರುದಿನ ವಾಟ್ಸಾಪ್ ಬಂತು. "ಸರ್, ಜಿಎಸ್‌ಟಿ ಬಿಲ್ ಬಾಕಿ ಇದೆ, 2,350 ಹಾಕಿದ್ರೆ ಇವತ್ತೇ ಲಾರಿಗೆ ಹಾಕ್ತೀವಿ." ಅದನ್ನೂ ಹಾಕಿದೆ. ಎಲ್.ಆರ್. ನಂಬರ್, ಅಂದರೆ ಲಾರಿಯವರು ಕೊಡುವ ರಸೀದಿ ನಂಬರ್ ಕೇಳಿದೆ. ಪಾರ್ಸೆಲ್ ಹಾಕಿದ ಯಾವ ಅಂಗಡಿಯವರಾದರೂ ಮೊದಲು ಎಲ್.ಆರ್. ಫೋಟೋ ಕಳಿಸುತ್ತಾರೆ. ಇವರು "ಸಿಸ್ಟಮ್ ಡೌನ್ ಸರ್" ಅಂದರು. ಸಂಜೆ "ಡ್ರೈವರ್ ಫೋನ್ ಆಫ್ ಸರ್". ಮತ್ತೆ ಕೇಳಿದ್ದಕ್ಕೆ "ನಮ್ಮ ಮೇಲೆ ನಂಬಿಕೆ ಇಲ್ವಾ ಸರ್?" ನನ್ನ ದುಡ್ಡು ಇಟ್ಟುಕೊಂಡು ನನ್ನನ್ನೇ ಕೇಳುವ ಮಾತಾ ಇದು?

ಬೈಕ್ ತೆಗೆದುಕೊಂಡು ಹಾಸನಕ್ಕೇ ಹೋದೆ. ಸೈಟಲ್ಲಿ ಕೊಟ್ಟ ವಿಳಾಸದಲ್ಲಿ ಇದ್ದದ್ದು ಟೈರ್ ಅಂಗಡಿ. ಪಂಕ್ಚರ್ ಹಾಕುತ್ತಿದ್ದ ಹುಡುಗ ನನ್ನ ಮುಖ ನೋಡಿ, "ಮಷಿನ್ ಕೇಳ್ಕೊಂಡು ಬಂದ್ರಾ? ಈ ವಾರ ನೀವು ಮೂರನೇ ಅವರು" ಅಂದ. ಕಾಲಲ್ಲಿ ಬಲ ಹೋದ ಹಾಗಾಯಿತು, ಅಲ್ಲೇ ಪೇರಿಸಿಟ್ಟಿದ್ದ ಹಳೇ ಟೈರ್ ಮೇಲೆ ಕೂತುಬಿಟ್ಟೆ.

ದುಡ್ಡು ವಾಪಸ್ ಕೊಡಿ ಅಂದಾಗ 'ರೀಫಂಡ್ ಫಾರ್ಮ್' ಅಂತ ಒಂದು ಲಿಂಕ್ ಕಳಿಸಿದರು. ಒತ್ತಿದರೆ ಕ್ರೋಮ್‌ನಲ್ಲಿ ಇಡೀ ಪರದೆ ಕೆಂಪಾಗಿ, ಇದು ಅಪಾಯಕಾರಿ ಸೈಟ್ ಅಂತ ಬಂತು. ಅವರಿಗೆ ಹೇಳಿದರೆ "ಅದು ನಿಮ್ಮ ಫೋನ್ ಪ್ರಾಬ್ಲಮ್ ಸರ್, ಕೆಳಗೆ ವಿವರ ಅಂತ ಇದೆ, ಅದನ್ನು ಒತ್ತಿ ಮುಂದೆ ಹೋಗಿ" ಅನ್ನುತ್ತಾರೆ! ಆ ಕೆಂಪು ಪರದೆ ಬರದಿದ್ದರೆ ಕಾರ್ಡ್ ನಂಬರ್ ಎಲ್ಲ ತುಂಬಿಬಿಡುತ್ತಿದ್ದೆ. ಹಾಗಾಗಿ ಇವೆಲ್ಲ ದಂಡ ಅಂತ ನಾನು ಹೇಳುವುದಿಲ್ಲ. ಕೆಂಪು ಬಂದರೆ ಯಾರು ಏನೇ ಹೇಳಲಿ ನಿಂತುಬಿಡಿ. ಹಸಿರು ಬಂದರೆ ಮಾತ್ರ ನಂಬಬೇಡಿ.

ಅಕ್ಕನ ಮಗ ಆಮೇಲೆ ಬಿಡಿಸಿ ಹೇಳಿದ. "ಮಾವ, ಹಸಿರು ಅಂದ್ರೆ ಇನ್ನೂ ಯಾರೂ ದೂರು ಕೊಟ್ಟಿಲ್ಲ ಅಂತ ಅಷ್ಟೇ." ಕ್ರೋಮ್‌ನಲ್ಲಿ ಆ ಕೆಂಪು ಪರದೆ ತೋರಿಸುವ ಗೂಗಲ್‌ನ ಸೇಫ್ ಬ್ರೌಸಿಂಗ್ ಹುಡುಕುವುದು ವೈರಸ್, ಪಾಸ್‌ವರ್ಡ್ ಕದಿಯುವ ಪುಟ, ಇಂಥವನ್ನು. ದುಡ್ಡು ತೆಗೆದುಕೊಂಡ ಮೇಲೆ ಸಾಮಾನು ಕಳಿಸುತ್ತಾರಾ ಇಲ್ಲವಾ ಅನ್ನುವುದು ಅದಕ್ಕೆ ಹೇಗೆ ಗೊತ್ತಾಗಬೇಕು? ವೈರಸ್‌ಟೋಟಲ್ ಅನ್ನುವ ಲಿಂಕ್ ಪರೀಕ್ಷೆಯ ಸೈಟಲ್ಲಿ 70ಕ್ಕೂ ಜಾಸ್ತಿ ಕಡೆಯ ಅಪಾಯಕಾರಿ ಸೈಟ್‌ಗಳ ಪಟ್ಟಿ ನೋಡಬಹುದು, ಆದರೆ ಮೊನ್ನೆ ಹುಟ್ಟಿದ ಸೈಟ್ ಸಾಮಾನ್ಯವಾಗಿ ಯಾವ ಪಟ್ಟಿಗೂ ಸೇರಿರುವುದಿಲ್ಲ. ಸೈಟ್ ವಿಳಾಸದ ಪಕ್ಕ ಬೀಗದ ಗುರುತು ಬರಿಸುವ ಎಚ್‌ಟಿಟಿಪಿಎಸ್ ಸರ್ಟಿಫಿಕೇಟ್ ಪುಕ್ಕಟೆ ಸಿಗುತ್ತದೆ, ಕಳ್ಳನಿಗೂ ಸಿಗುತ್ತದೆ. ಸೈಟ್ ಹೆಸರು ಯಾವಾಗ ನೋಂದಣಿಯಾಯಿತು ಅಂತ ತೋರಿಸುವ ಹೂಈಸ್‌ನಲ್ಲಿ (WHOIS) ಹುಡುಕಿದರೆ ಆ ಸೈಟ್ ಹೆಸರು ನೋಂದಣಿಯಾಗಿ ಬರೀ 19 ದಿನ ಆಗಿತ್ತು. ಇದನ್ನೊಂದು ನಾನು ಮೊದಲೇ ನೋಡಿದ್ದರೆ!

ಎಕ್ಸ್‌ಟೆನ್ಶನ್ ಹಾಕುವಾಗಲೂ ಹುಷಾರು. ವೆಬ್ ಆಫ್ ಟ್ರಸ್ಟ್ ಅನ್ನುವ ರೇಟಿಂಗ್ ಎಕ್ಸ್‌ಟೆನ್ಶನ್ ಜನ ಯಾವ ಸೈಟ್ ನೋಡುತ್ತಾರೆ ಅನ್ನುವ ಮಾಹಿತಿಯನ್ನೇ ಬೇರೆಯವರಿಗೆ ಕೊಡುತ್ತಿದೆ ಅಂತ 2016ರಲ್ಲಿ ಜರ್ಮನಿಯಲ್ಲಿ ವರದಿಯಾಗಿ, ಫೈರ್‌ಫಾಕ್ಸ್ ಬ್ರೌಸರ್ ಮಾಡುವ ಮೊಜಿಲ್ಲಾ ಅದನ್ನು ತನ್ನ ಪಟ್ಟಿಯಿಂದ ತೆಗೆದುಹಾಕಿತ್ತು.

ದುಡ್ಡು ಹೋದ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಬೇಗ ಹೇಳಿದರೆ ದುಡ್ಡು ಅವರ ಖಾತೆಯಲ್ಲೇ ತಡೆಯುವ ಅವಕಾಶ ಇರುತ್ತದೆ. ನಾನು ಮಾಡಿದ್ದು ನಾಲ್ಕು ದಿನ ಬಿಟ್ಟು, ಅಷ್ಟರಲ್ಲಿ ಖಾತೆ ಖಾಲಿ.

ನನಗಿಂತ ಮೊದಲು ಟೈರ್ ಅಂಗಡಿ ಬಾಗಿಲಿಗೆ ಹೋಗಿಬಂದ ಆ ಇಬ್ಬರು ಇದನ್ನು ಓದುತ್ತಿದ್ದರೆ, ದಯವಿಟ್ಟು ನೀವೂ ದೂರು ಕೊಡಿ, ಆ ಸೈಟನ್ನು ರಿಪೋರ್ಟ್ ಮಾಡಿ. ನಾನು ಮಾಡಿದ್ದೇನೆ, ಒಬ್ಬನದು ಸಾಲದು. ನಿನ್ನೆ ರಾತ್ರಿ ನೋಡಿದೆ, ಸೈಟ್ ಇನ್ನೂ ನಡೆಯುತ್ತಿದೆ. ತೋಟಕ್ಕೆ ಬೋರ್ಡೋ ಔಷಧಿ ಹೊಡೆಯುವ ಸಮಯ ನೋಡಿಕೊಂಡು ಈಗ ಅದಕ್ಕೆ ಬೇಕಾದ ಮೈಲುತುತ್ತವನ್ನೂ ಅರ್ಧ ರೇಟಿಗೆ ಇಟ್ಟಿದ್ದಾರೆ. ಟಿಕ್ ಇನ್ನೂ ಹಸಿರೇ ಇದೆ.