ಪ್ಲಗಿನ್ ಇನ್‌ಸ್ಟಾಲ್ ಮಾಡಲು ಮೂರು ದಾರಿ: ಕೊಡಗಿನ ಮಳೆಗಾಲಕ್ಕೆ ಯಾವುದು ಹೊಂದುತ್ತದೆ?

ರೆಕಾರ್ಡಿಂಗ್ ಸಾಫ್ಟ್‌ವೇರ್‌ಗೆ ಹೊಸ ಪ್ಲಗಿನ್, ಅಂದರೆ ಅದರೊಳಗೆ ಹೊಸ ಎಫೆಕ್ಟ್ ಅಥವಾ ವಾದ್ಯವನ್ನು ತರುವ ಸಣ್ಣ ಪ್ರೋಗ್ರಾಂ, ಸೇರಿಸುವುದು ಎರಡು ಕ್ಲಿಕ್‌ಗಳ ಕೆಲಸವೆಂದು ಅವನ್ನು ಮಾರುವವರು ಹೇಳುತ್ತಾರೆ. ಕರೆಂಟ್ ಮತ್ತು ನೆಟ್‌ವರ್ಕ್ ಎರಡೂ ಕೈಕೊಡದ ಊರಿನಲ್ಲಿ ಅದು ನಿಜವೂ ಹೌದು. ವಿರಾಜಪೇಟೆಯಿಂದ ಒಳಗೆ, ಕಾಫಿ ತೋಟದ ನಡುವೆ ಇರುವ ನನ್ನ ಕೋಣೆಯಲ್ಲಿ ಜೂನ್ ತಿಂಗಳಿಂದ ಸೆಪ್ಟೆಂಬರ್‌ವರೆಗೆ ಪರಿಸ್ಥಿತಿ ಬೇರೆ. ಗಾಳಿಗೆ ಮರ ಬಿದ್ದು ಲೈನ್ ಹರಿದರೆ ಕರೆಂಟ್ ಯಾವಾಗ ಬರುವುದೆಂದು ಹೇಳಲಾಗದು. ಅದರ ಹಿಂದೆಯೇ ಮೊಬೈಲ್ ಟವರ್ ಕೂಡ ಸುಮ್ಮನಾಗುತ್ತದೆ. ಆದ್ದರಿಂದ ಪ್ಲಗಿನ್ ಹೇಗೆ ಕೇಳಿಸುತ್ತದೆ ಎಂಬುದರಷ್ಟೇ ಮುಖ್ಯವಾಗಿ, ಅದು ಯಾವ ದಾರಿಯಿಂದ ಕಂಪ್ಯೂಟರ್‌ಗೆ ಬಂತು ಮತ್ತು ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲಿ ನೆಟ್ ಇಲ್ಲದ ದಿನ ತೆರೆಯುತ್ತದೆಯೇ ಎಂಬುದನ್ನೂ ನಾನು ನೋಡಬೇಕಾಗುತ್ತದೆ. ಕಂಪನಿಯ ಮ್ಯಾನೇಜರ್ ಆ್ಯಪ್, ಪ್ರತ್ಯೇಕವಾಗಿ ಸಿಗುವ ಇನ್‌ಸ್ಟಾಲರ್ ಫೈಲ್, ಕೈಯಿಂದಲೇ ಫೋಲ್ಡರ್‌ಗೆ ನಕಲಿಸುವುದು, ಈ ಮೂರನ್ನೂ ಬಳಸಿ ನೋಡಿದ ಮೇಲೆ ಬರೆದ ಹೋಲಿಕೆ ಇದು.

ನನ್ನದು ವಿಂಡೋಸ್ ಲ್ಯಾಪ್‌ಟಾಪ್, ಸಾಫ್ಟ್‌ವೇರ್ ರೀಪರ್. ಹೆಚ್ಚಾಗಿ ಮಾಡುವ ಕೆಲಸ ದುಡಿಯೊಂದಿಗೆ ಹಾಡುವ ಬಾಳೋಪಾಟ್, ಅರೆಭಾಷೆಯ ಹಾಡುಗಳು ಮತ್ತು ಒಮ್ಮೊಮ್ಮೆ ವಾಲಗದ ರೆಕಾರ್ಡಿಂಗ್. ಇಂಥ ಕೆಲಸಕ್ಕೆ ನೂರಾರು ಪ್ಲಗಿನ್ ಬೇಕಿಲ್ಲ. ರೀಪರ್ ಜೊತೆಗೇ ಬರುವ ರಿಯಾಇಕ್ಯು (ದನಿಯ ತಗ್ಗು, ಎತ್ತರದ ಭಾಗಗಳನ್ನು ಹೊಂದಿಸುವುದು), ರಿಯಾಕಾಂಪ್ (ಸದ್ದಿನ ಏರಿಳಿತವನ್ನು ಹತೋಟಿಗೆ ತರುವುದು), ರಿಯಾವರ್ಬ್‌ (ರಿವರ್ಬ್, ಅಂದರೆ ಅನುರಣನ ಸೇರಿಸುವುದು) ಇವುಗಳಿಂದ ಅರ್ಧಕ್ಕಿಂತ ಹೆಚ್ಚು ಕೆಲಸ ಮುಗಿಯುತ್ತದೆ. ಹೆಂಚಿನ ಮೇಲೆ ಬೀಳುವ ಮಳೆಯ ಸದ್ದು ಒಂದೇ ಸಮನಾಗಿದ್ದರೆ ರೀಪರ್‌ನದೇ ರಿಯಾಫಿರ್ ಪ್ಲಗಿನ್ನಿನ ಸಬ್‌ಟ್ರಾಕ್ಟ್ (ಸದ್ದನ್ನು ಕಳೆಯುವ) ವಿಧಾನದಿಂದ ಅದನ್ನು ಸ್ವಲ್ಪಮಟ್ಟಿಗೆ ಇಳಿಸಬಹುದು. ಮಳೆ ಏರಿಳಿಯುತ್ತಿದ್ದರೆ ಹಾಡುವವರ ದನಿಯೂ ಕೆಡುತ್ತದೆ, ಆಗ ಮಳೆ ನಿಲ್ಲುವವರೆಗೆ ಕಾಯುವುದೇ ಸರಿ. ಇವುಗಳಲ್ಲಿ ಯಾವುದಕ್ಕೂ ಇನ್‌ಸ್ಟಾಲ್ ಎಂಬ ಪ್ರಶ್ನೆಯೇ ಇಲ್ಲ. ಹೊಸದಾಗಿ ಶುರು ಮಾಡುವವರು ಪ್ಲಗಿನ್ ಹುಡುಕುವ ಮೊದಲು ತಮ್ಮ ಸಾಫ್ಟ್‌ವೇರ್‌ನಲ್ಲಿ ಆಗಲೇ ಏನೇನಿದೆ ಎಂದು ನೋಡಿಕೊಳ್ಳಬೇಕೆಂದು ನಾನು ಒತ್ತಿ ಹೇಳುತ್ತೇನೆ. ಹೊರಗಿನಿಂದ ತರಬೇಕಾಗುವುದು ಮುಖ್ಯವಾಗಿ ಸಿಂಥ್‌ಗಳು (ದನಿಯನ್ನು ತಾವೇ ಹುಟ್ಟಿಸುವ ವಾದ್ಯಗಳು), ಬೇರೆ ಗುಣದ ರಿವರ್ಬ್‌ಗಳು ಮತ್ತು ಸ್ಯಾಂಪಲ್ ಸಂಗ್ರಹಗಳು (ನಿಜವಾದ ವಾದ್ಯಗಳ ರೆಕಾರ್ಡ್ ಮಾಡಿದ ದನಿಗಳು).

ಯಾವ ದಾರಿಯಿಂದ ಬಂದರೂ ಪ್ಲಗಿನ್ ಕೊನೆಗೆ ಸೇರುವುದು ಒಂದು ಫೋಲ್ಡರ್‌ಗೆ. ಸ್ಟೈನ್‌ಬರ್ಗ್ ಕಂಪನಿ 1996ರಲ್ಲಿ ವಿಎಸ್‌ಟಿ ಎಂಬ ಪ್ಲಗಿನ್ ಮಾದರಿಯನ್ನು ತಂದಿತು. ಹಳೆಯ ವಿಎಸ್‌ಟಿ2 ಪ್ಲಗಿನ್‌ಗಳಿಗೆ ವಿಂಡೋಸ್‌ನಲ್ಲಿ ಎಲ್ಲರೂ ಒಪ್ಪಿದ ಒಂದು ಜಾಗ ಇರಲಿಲ್ಲ. ಒಂದೊಂದು ಇನ್‌ಸ್ಟಾಲರ್ ಒಂದೊಂದು ಕಡೆ ಹಾಕುತ್ತಿತ್ತು, ಎಲ್ಲಿ ಹಾಕಿತೆಂದು ಹುಡುಕುವುದೇ ಒಂದು ಕೆಲಸವಾಗುತ್ತಿತ್ತು. 2008ರಲ್ಲಿ ಬಂದ ವಿಎಸ್‌ಟಿ3 ಈ ಗೊಂದಲವನ್ನು ಬಗೆಹರಿಸಿತು. ಸಿ ಡ್ರೈವ್‌ನ ಪ್ರೋಗ್ರಾಂ ಫೈಲ್ಸ್, ಅದರೊಳಗೆ ಕಾಮನ್ ಫೈಲ್ಸ್, ಅದರೊಳಗೆ ವಿಎಸ್‌ಟಿ3 ಎಂಬ ಫೋಲ್ಡರ್. ಎಲ್ಲ ಸಾಫ್ಟ್‌ವೇರ್‌ಗಳೂ ಹುಡುಕುವುದು ಅಲ್ಲಿಯೇ. 2022ರಲ್ಲಿ ಬಿಟ್‌ವಿಗ್ ಮತ್ತು ಯು-ಹೀ ಕಂಪನಿಗಳು ಸೇರಿ ತಂದ ಕ್ಲ್ಯಾಪ್ ಮಾದರಿಗೂ ಅದೇ ಕಾಮನ್ ಫೈಲ್ಸ್ ಒಳಗೆ ತನ್ನದೇ ಫೋಲ್ಡರ್ ಇದೆ. ಈ ಜಾಗಗಳು ಗೊತ್ತಿದ್ದರೆ ಮೂರೂ ದಾರಿಗಳ ಒಳಗುಟ್ಟು ಅರ್ಧ ಗೊತ್ತಾದಂತೆ.

ಮೊದಲು ಮ್ಯಾನೇಜರ್ ಆ್ಯಪ್‌ಗಳ ವಿಷಯ. ನೇಟಿವ್ ಆ್ಯಕ್ಸೆಸ್, ವೇವ್ಸ್ ಸೆಂಟ್ರಲ್, ಆರ್ಟೂರಿಯಾ ಸಾಫ್ಟ್‌ವೇರ್ ಸೆಂಟರ್ ಇವೆಲ್ಲ ಈ ಗುಂಪಿನವು. ಖಾತೆಗೆ ಲಾಗಿನ್ ಆದರೆ ನಾವು ಕೊಂಡ ಪ್ಲಗಿನ್‌ಗಳ ಪಟ್ಟಿ ಕಾಣುತ್ತದೆ. ಬೇಕಾದುದನ್ನು ಒತ್ತಿದರೆ ಡೌನ್‌ಲೋಡ್, ಇನ್‌ಸ್ಟಾಲ್ ಮತ್ತು ಲೈಸೆನ್ಸ್ ನೋಂದಣಿ ಒಂದೇ ಕಡೆ ಮುಗಿಯುತ್ತವೆ. ಹೊಸ ಆವೃತ್ತಿ ಬಂದಾಗ ತಾನೇ ತಿಳಿಸುತ್ತದೆ. ದೊಡ್ಡ ಸ್ಯಾಂಪಲ್ ಸಂಗ್ರಹಗಳ ಮಟ್ಟಿಗೆ ಇದಕ್ಕಿಂತ ಅನುಕೂಲದ ದಾರಿ ನನಗೆ ಕಂಡಿಲ್ಲ, ಏಕೆಂದರೆ ಸಂಗ್ರಹ ಡಿಸ್ಕಿನಲ್ಲಿ ಎಲ್ಲಿದೆ ಎಂಬ ವಿವರವನ್ನು ಸ್ಯಾಂಪಲ್‌ಗಳನ್ನು ನುಡಿಸುವ ಕಾಂಟ್ಯಾಕ್ಟ್‌ನಂಥ ಪ್ಲೇಯರ್‌ಗೆ ತಲುಪಿಸುವ ಕೆಲಸವನ್ನೂ ಆ ಆ್ಯಪ್ ಮಾಡುತ್ತದೆ. ಸಂಗ್ರಹವನ್ನು ಹೊರಗಿನ ಎಸ್‌ಎಸ್‌ಡಿಯಲ್ಲಿ ಇಡುವುದಾದರೆ ಡೌನ್‌ಲೋಡ್ ಶುರು ಮಾಡುವ ಮೊದಲೇ ಆ್ಯಪ್‌ನ ಸೆಟ್ಟಿಂಗ್ಸ್‌ನಲ್ಲಿ ಜಾಗವನ್ನು ಬದಲಿಸಬೇಕು. ಡೌನ್‌ಲೋಡ್ ಆದ ಫೈಲ್ ಮತ್ತು ಅದನ್ನು ಬಿಚ್ಚಿದ ಸಂಗ್ರಹ ಸ್ವಲ್ಪ ಹೊತ್ತು ಒಟ್ಟಿಗೇ ಇರುವುದರಿಂದ ಸಂಗ್ರಹದ ಗಾತ್ರಕ್ಕಿಂತ ಬಹಳ ಹೆಚ್ಚು ಖಾಲಿ ಜಾಗವನ್ನು ಇಟ್ಟುಕೊಳ್ಳಬೇಕು.

ತೊಂದರೆ ಶುರುವಾಗುವುದು ಡೌನ್‌ಲೋಡ್ ನಡುವೆ ನಿಂತಾಗ. ನಾನು ಬಳಸಿದ ಒಂದು ಮ್ಯಾನೇಜರ್, ಕರೆಂಟ್ ಹೋಗಿ ಬಂದ ಮೇಲೆ, ಹಲವು ಜಿಬಿಯ ಸಂಗ್ರಹವನ್ನು ನಿಂತಲ್ಲಿಂದ ಮುಂದುವರಿಸದೆ ಮೊದಲಿನಿಂದ ಇಳಿಸತೊಡಗಿತು. ದಿನದ ಡೇಟಾ ಮಿತಿಯಲ್ಲಿ ಕೆಲಸ ಮಾಡುವವರಿಗೆ ಇದು ಸಣ್ಣ ನಷ್ಟವಲ್ಲ. ಮತ್ತೊಂದು ಮ್ಯಾನೇಜರ್ ತನ್ನನ್ನು ತಾನು ಅಪ್‌ಡೇಟ್ ಮಾಡಿಕೊಳ್ಳದೆ ಒಳಗೆ ಹೋಗಲೇ ಬಿಡಲಿಲ್ಲ. ಆಗಲೇ ಇನ್‌ಸ್ಟಾಲ್ ಆಗಿದ್ದ ಪ್ಲಗಿನ್ನಿನ ಲೈಸೆನ್ಸ್ ಸ್ಥಿತಿಯನ್ನು ನೋಡಲಿಕ್ಕೂ ನೆಟ್ ಬೇಕಾಯಿತು. ಇಂಥ ಆ್ಯಪ್‌ಗಳು ಕಂಪ್ಯೂಟರ್ ಆನ್ ಆದಾಗಲೆಲ್ಲ ಹಿನ್ನೆಲೆಯಲ್ಲಿ ಶುರುವಾಗುವುದೂ ಉಂಟು. ಯುಪಿಎಸ್ ಬ್ಯಾಟರಿಯಲ್ಲಿ ರೆಕಾರ್ಡಿಂಗ್ ಮುಗಿಸಬೇಕಾದ ಹೊತ್ತಿನಲ್ಲಿ ಅದು ಬೇಡದ ಹೊರೆ. ಟಾಸ್ಕ್ ಮ್ಯಾನೇಜರ್‌ನ ಸ್ಟಾರ್ಟಪ್ ಪಟ್ಟಿಯಲ್ಲಿ ಅದನ್ನು ನಿಲ್ಲಿಸಿಡಬಹುದು.

ಎರಡನೆಯದು ಪ್ರತ್ಯೇಕ ಇನ್‌ಸ್ಟಾಲರ್. ವಲ್ಹಾಲಾ, ಫ್ಯಾಬ್‌ಫಿಲ್ಟರ್, ಯು-ಹೀ ಮುಂತಾದವರು ತಮ್ಮ ಪ್ಲಗಿನ್‌ಗಳನ್ನು ಈ ರೂಪದಲ್ಲಿ ಕೊಡುತ್ತಾರೆ. ಮುಕ್ತ ಆಕರದ ಸರ್ಜ್ ಎಕ್ಸ್‌ಟಿ ಸಿಂಥ್ ಕೂಡ ಹೀಗೆಯೇ ಸಿಗುತ್ತದೆ. ವೇವ್ಸ್‌ನಂಥ ಮ್ಯಾನೇಜರ್ ಇರುವ ಕಂಪನಿಗಳಲ್ಲೂ ಕೆಲವು ಆಫ್‌ಲೈನ್ ಇನ್‌ಸ್ಟಾಲರ್ ಅನ್ನು ಬೇರೆಯಾಗಿ ಒದಗಿಸುತ್ತವೆ. ಇದರ ದೊಡ್ಡ ಗುಣವೆಂದರೆ ಫೈಲ್ ನಮ್ಮ ಕೈಯಲ್ಲಿ ಉಳಿಯುವುದು. ಮಡಿಕೇರಿಗೋ ಮೈಸೂರಿಗೋ ಹೋದಾಗ ಒಳ್ಳೆಯ ನೆಟ್ ಇರುವ ಕಡೆ ಇಳಿಸಿ, ಪೆನ್‌ಡ್ರೈವ್‌ನಲ್ಲಿ ತಂದು, ಮನೆಯಲ್ಲಿ ನೆಟ್ ಇಲ್ಲದೆಯೇ ಇನ್‌ಸ್ಟಾಲ್ ಮಾಡಬಹುದು. ಹಾರ್ಡ್ ಡಿಸ್ಕ್ ಕೆಟ್ಟು ವಿಂಡೋಸ್ ಹೊಸದಾಗಿ ಹಾಕಬೇಕಾಗಿ ಬಂದರೂ, ಹೊರಗಿನ ಡಿಸ್ಕಿನಲ್ಲಿ ಇನ್‌ಸ್ಟಾಲರ್‌ಗಳು ಇದ್ದರೆ ಒಂದು ಸಂಜೆಯಲ್ಲಿ ಎಲ್ಲವೂ ಮೊದಲಿನಂತಾಗುತ್ತದೆ. ನಾನು ಪ್ರತಿ ಪ್ಲಗಿನ್‌ಗೆ ಒಂದು ಫೋಲ್ಡರ್ ಮಾಡಿ, ಇನ್‌ಸ್ಟಾಲರ್ ಜೊತೆಗೆ ಅದರ ಆವೃತ್ತಿ ಸಂಖ್ಯೆಯನ್ನೂ ಲೈಸೆನ್ಸ್ ಕೀಯನ್ನೂ ಒಂದು ಟೆಕ್ಸ್ಟ್ ಫೈಲ್‌ನಲ್ಲಿ ಇಡುತ್ತೇನೆ. ಹಳೆಯ ಆವೃತ್ತಿಯನ್ನು ಅಳಿಸುವುದಿಲ್ಲ, ಏಕೆಂದರೆ ಕೆಲವು ವರ್ಷ ಹಿಂದಿನ ಪ್ರಾಜೆಕ್ಟ್ ತೆರೆದಾಗ ಹೊಸ ಆವೃತ್ತಿಯಲ್ಲಿ ದನಿ ಬದಲಾದಂತೆ ಕೇಳಿಸಿದರೆ ಹಿಂದಿನದನ್ನು ಹಾಕಿ ಹೋಲಿಸಿ ನೋಡಬಹುದು.

ಇನ್‌ಸ್ಟಾಲರ್‌ನ ಡೌನ್‌ಲೋಡ್ ಕೂಡ ತುಂಡಾಗಬಹುದು. ಆದರೆ ಇಲ್ಲಿ ನಮ್ಮ ಹತೋಟಿ ಹೆಚ್ಚು. 2018ರಿಂದ ವಿಂಡೋಸ್ 10ರ ಜೊತೆಗೇ ಬರುತ್ತಿರುವ ಕರ್ಲ್ ಎಂಬ ಕಮ್ಯಾಂಡ್‌ಗೆ, ನಿಂತಲ್ಲಿಂದ ಮುಂದುವರಿಸಲು ಹೇಳುವ ಸೂಚನೆ ಇದೆ. ಎದುರಿನ ಸರ್ವರ್ ಒಪ್ಪಿದರೆ ಎಷ್ಟು ಸಲ ಕರೆಂಟ್ ಹೋದರೂ ಇಳಿದಷ್ಟು ಉಳಿಯುತ್ತದೆ. ಹೀಗೆ ತುಂಡುತುಂಡಾಗಿ ಇಳಿಸಿದ ಫೈಲ್ ಸರಿಯಾಗಿದೆಯೇ ಎಂದು ತಿಳಿಯಲು, ತಯಾರಕರು ಚೆಕ್‌ಸಮ್ (ಫೈಲ್‌ನಿಂದ ಲೆಕ್ಕ ಹಾಕಿದ ಗುರುತಿನ ಸಂಖ್ಯೆ) ಕೊಟ್ಟಿದ್ದರೆ, ವಿಂಡೋಸ್‌ನ ಸರ್ಟ್‌ಯುಟಿಲ್ ಕಮ್ಯಾಂಡ್‌ನಿಂದ ತಾಳೆ ನೋಡಬಹುದು. ಇನ್‌ಸ್ಟಾಲರ್ ತೆರೆದಾಗ ಬರುವ ಆಯ್ಕೆಗಳ ಪುಟವನ್ನು ಓದದೆ ಮುಂದೆ ಹೋಗಬಾರದು. ವಿಎಸ್‌ಟಿ2, ವಿಎಸ್‌ಟಿ3, ಕ್ಲ್ಯಾಪ್ ಮತ್ತು ಪ್ರೋ ಟೂಲ್ಸ್ ಎಂಬ ರೆಕಾರ್ಡಿಂಗ್ ಸಾಫ್ಟ್‌ವೇರ್ ಬಳಸುವವರಿಗೆ ಮಾತ್ರ ಬೇಕಾದ ಎಎಎಕ್ಸ್, ಎಲ್ಲಕ್ಕೂ ಸಾಮಾನ್ಯವಾಗಿ ಟಿಕ್ ಹಾಕಿಯೇ ಇರುತ್ತದೆ. ಎಲ್ಲವನ್ನೂ ಹಾಕಿದರೆ ರೀಪರ್‌ನ ಪಟ್ಟಿಯಲ್ಲಿ ಒಂದೇ ಪ್ಲಗಿನ್ ಮೂರು ಸಲ ಕಾಣುತ್ತದೆ. ನಾನು ವಿಎಸ್‌ಟಿ3 ಒಂದನ್ನೇ ಉಳಿಸಿ ಉಳಿದವುಗಳ ಟಿಕ್ ತೆಗೆಯುತ್ತೇನೆ.

ಮೂರನೆಯ ದಾರಿಯಲ್ಲಿ ಜಿಪ್ ಫೈಲ್ ಬಿಚ್ಚಿ, ಒಳಗಿನದನ್ನು ವಿಎಸ್‌ಟಿ3 ಫೋಲ್ಡರ್‌ಗೆ ನಾವೇ ನಕಲಿಸುತ್ತೇವೆ. ಸ್ವತಂತ್ರ ಡೆವಲಪರ್‌ಗಳ ಸಣ್ಣ ಪ್ಲಗಿನ್‌ಗಳು ಹಲವು ಬಾರಿ ಹೀಗೆಯೇ ಬರುತ್ತವೆ. ಹಗುರ, ವೇಗ, ತೆಗೆಯುವುದೂ ಸುಲಭ: ಫೈಲ್ ಅಳಿಸಿದರೆ ಪ್ಲಗಿನ್ ಹೋಯಿತು. ಆದರೆ ಇಲ್ಲಿ ಎರಡು ವಿಷಯಗಳು ತಿಳಿದಿರಲೇಬೇಕು. ವಿಎಸ್‌ಟಿ3 ಎಂಬುದು ಕೆಲವೊಮ್ಮೆ ಒಂದೇ ಫೈಲ್ ಆಗಿರುತ್ತದೆ, ಕೆಲವೊಮ್ಮೆ ಅದೇ ಹೆಸರಿನ ಫೋಲ್ಡರ್ ಆಗಿರುತ್ತದೆ. ಫೋಲ್ಡರ್ ಆಗಿದ್ದರೆ ಅದರೊಳಗೆ ಕಂಟೆಂಟ್ಸ್ ಎಂಬ ಇನ್ನೊಂದು ಫೋಲ್ಡರ್, ಅದರೊಳಗೆ ವಿಂಡೋಸ್‌ಗೆ ಬೇಕಾದ ಫೈಲ್ ಮತ್ತು ಪಕ್ಕದಲ್ಲಿ ರಿಸೋರ್ಸಸ್ ಇರಬಹುದು. ಅತಿ ಒಳಗಿನ ಫೈಲ್ ಒಂದನ್ನೇ ಎತ್ತಿ ಹಾಕದೆ ಹೊರಗಿನ ಫೋಲ್ಡರನ್ನು ಇಡಿಯಾಗಿ ನಕಲಿಸಬೇಕು. ಇಲ್ಲವಾದರೆ ರಿಸೋರ್ಸಸ್‌ನಲ್ಲಿರುವುದು ಪ್ಲಗಿನ್ನಿಗೆ ಸಿಗುವುದಿಲ್ಲ. ಇನ್ನೊಂದು, ಪ್ಲಗಿನ್ ಫೈಲೇ ಪೂರ್ತಿ ಪ್ಲಗಿನ್ ಅಲ್ಲ. ಉದಾಹರಣೆಗೆ ಸರ್ಜ್ ಎಕ್ಸ್‌ಟಿಯ ಇನ್‌ಸ್ಟಾಲರ್ ಫ್ಯಾಕ್ಟರಿ ಪ್ಯಾಚ್‌ಗಳನ್ನೂ (ಸಿದ್ಧಪಡಿಸಿದ ದನಿಗಳು) ವೇವ್‌ಟೇಬಲ್‌ಗಳನ್ನೂ (ದನಿ ಹುಟ್ಟಿಸಲು ಬೇಕಾದ ಅಲೆಗಳ ಪಟ್ಟಿ) ಪ್ರೋಗ್ರಾಂಡೇಟಾ ಎಂಬ ಫೋಲ್ಡರ್‌ನಲ್ಲಿ ಇಡುತ್ತದೆ, ಮತ್ತು ಆ ಫೋಲ್ಡರನ್ನು ವಿಂಡೋಸ್ ಸಾಮಾನ್ಯವಾಗಿ ಮರೆಮಾಡಿರುತ್ತದೆ. ಒಂದು ಕಂಪ್ಯೂಟರ್‌ನಿಂದ ಇನ್ನೊಂದಕ್ಕೆ ಪ್ಲಗಿನ್ ಫೈಲ್ ಮಾತ್ರ ಒಯ್ದರೆ ಸಿಂಥ್ ತೆರೆಯುತ್ತದೆ, ಆದರೆ ಅದರ ಸಂಪತ್ತೆಲ್ಲ ಹಳೆಯ ಕಂಪ್ಯೂಟರ್‌ನಲ್ಲೇ ಉಳಿದಿರುತ್ತದೆ. ಇದಲ್ಲದೆ ಇನ್‌ಸ್ಟಾಲರ್‌ಗಳು ಜೊತೆಗೆ ಹಾಕುವ ಮೈಕ್ರೋಸಾಫ್ಟ್‌ನ ವಿಷುಯಲ್ ಸಿ++ ಫೈಲ್‌ಗಳು ಕಂಪ್ಯೂಟರ್‌ನಲ್ಲಿ ಇಲ್ಲದಿದ್ದರೆ, ಕೈಯಿಂದ ನಕಲಿಸಿದ ಪ್ಲಗಿನ್ ಯಾವ ಕಾರಣವನ್ನೂ ಹೇಳದೆ ತೆರೆಯಲು ನಿರಾಕರಿಸಬಹುದು. ರೀಪರ್ ಬಳಸುವವರಿಗೆ ರೀಪ್ಯಾಕ್ ಎಂಬ ಉಚಿತ ಸೌಲಭ್ಯವಿದೆ. ಸ್ಕ್ರಿಪ್ಟ್‌ಗಳನ್ನೂ ಕೆಲವೇ ಕೆಬಿ ತೂಗುವ ಜೆಎಸ್‌ಎಫ್‌ಎಕ್ಸ್ ಎಂಬ ರೀಪರ್‌ನದೇ ಮಾದರಿಯ ಎಫೆಕ್ಟ್‌ಗಳನ್ನೂ ಅದು ತಾನೇ ತಂದು ಜೋಡಿಸುತ್ತದೆ. ದುರ್ಬಲ ನೆಟ್‌ವರ್ಕ್‌ನಲ್ಲಿ ಕೆಲಸ ಮಾಡುವವರಿಗೆ ಅದು ತುಂಬ ಉಪಕಾರಿ.

ಇಷ್ಟೆಲ್ಲ ಹೋಲಿಸಿದ ಮೇಲೆ ನನಗೆ ಸ್ಪಷ್ಟವಾದದ್ದು, ಇನ್‌ಸ್ಟಾಲ್ ಮಾಡುವ ದಾರಿಗಿಂತ ಲೈಸೆನ್ಸ್ ಪರಿಶೀಲಿಸುವ ರೀತಿಯೇ ನಮ್ಮ ಕಡೆ ಹೆಚ್ಚು ನಿರ್ಣಾಯಕ. ಫ್ಯಾಬ್‌ಫಿಲ್ಟರ್ ಒಂದು ಕೀಯನ್ನು ಅಂಟಿಸಲು ಹೇಳುತ್ತದೆ. ಯು-ಹೀ ಹೆಸರು ಮತ್ತು ಸೀರಿಯಲ್ ಸಂಖ್ಯೆಯನ್ನು ಕೇಳುತ್ತದೆ. ಆಮೇಲೆ ನೆಟ್ ಇದೆಯೋ ಇಲ್ಲವೋ ಎಂಬುದು ಅವಕ್ಕೆ ಬೇಕಾಗಿಲ್ಲ. ಹಲವು ಕಂಪನಿಗಳು ಬಳಸುವ ಐಲಾಕ್ ಎಂಬ ಲೈಸೆನ್ಸ್ ಪದ್ಧತಿಯಲ್ಲಿ ಮೂರು ಬಗೆಗಳಿವೆ: ಲೈಸೆನ್ಸನ್ನು ಕಂಪ್ಯೂಟರ್‌ನಲ್ಲಿಯೇ ಇಡುವುದು, ಐಲಾಕ್ ಯುಎಸ್‌ಬಿ ಕೀಯಲ್ಲಿ ಇಡುವುದು, ಕ್ಲೌಡ್‌ನಲ್ಲಿ ಇಡುವುದು. ಯಾವ ಬಗೆಗೆ ಅವಕಾಶವಿದೆ ಎಂಬುದನ್ನು ಪ್ಲಗಿನ್ ತಯಾರಕರು ನಿರ್ಧರಿಸುತ್ತಾರೆ. ಕ್ಲೌಡ್ ಬಗೆಯಲ್ಲಿ ಕೆಲಸ ಮಾಡುತ್ತಿರುವಷ್ಟೂ ಹೊತ್ತು ನೆಟ್ ಸಂಪರ್ಕ ಇರಬೇಕು. ಕಾಫಿ ಕೊಯ್ಲಿನ ಕಾಲದಲ್ಲಿ, ಆಕಾಶ ತಿಳಿಯಾಗಿರುವಾಗ, ಈ ಷರತ್ತು ಗಮನಕ್ಕೇ ಬರುವುದಿಲ್ಲ. ಜುಲೈಯಲ್ಲಿ ಇದೇ ಷರತ್ತು ಮಿಕ್ಸ್‌ನ ನಡುವೆ ಕೆಲಸ ನಿಲ್ಲಿಸುತ್ತದೆ. ಹಾಡುವವರು ಗದ್ದೆ ನಾಟಿಯ ನಡುವೆ ಬಿಡುವು ಮಾಡಿಕೊಂಡು ಮಳೆಯಲ್ಲಿ ಬಂದು ಕುಳಿತಿರುವಾಗ ಪ್ಲಗಿನ್ ಲಾಗಿನ್ ಕೇಳಿದರೆ, ಅವರ ಸಮಯಕ್ಕೆ ಬೆಲೆ ಕೊಡದಂತಾಗುತ್ತದೆ. ಆದ್ದರಿಂದ ಐಲಾಕ್ ಬೇಕೇ ಬೇಕಾದ ಪ್ಲಗಿನ್ ಆದರೆ, ಕಂಪ್ಯೂಟರ್‌ನಲ್ಲಿ ಅಥವಾ ಯುಎಸ್‌ಬಿ ಕೀಯಲ್ಲಿ ಲೈಸೆನ್ಸ್ ಇಡಲು ಬಿಡುತ್ತದೆಯೇ ಎಂದು ಕೊಳ್ಳುವ ಮೊದಲೇ ನೋಡಿಕೊಳ್ಳುತ್ತೇನೆ. ವೇವ್ಸ್ ತನ್ನ ಲೈಸೆನ್ಸನ್ನು ಸಾಮಾನ್ಯ ಪೆನ್‌ಡ್ರೈವ್‌ನಲ್ಲಿ ಇಡಲು ಅವಕಾಶ ಕೊಡುತ್ತದೆ. ಮನೆಯಲ್ಲೊಂದು, ಗೋಣಿಕೊಪ್ಪದ ಗೆಳೆಯರ ಸ್ಟುಡಿಯೊದಲ್ಲೊಂದು ಕಂಪ್ಯೂಟರ್ ಬಳಸುವವರಿಗೆ ಇದು ನಿಜವಾದ ಅನುಕೂಲ.

ಇನ್‌ಸ್ಟಾಲ್ ಆದರೂ ಪ್ಲಗಿನ್ ಪಟ್ಟಿಯಲ್ಲಿ ಕಾಣದಿರುವುದು ಮೂರೂ ದಾರಿಗಳಲ್ಲಿ ಆಗುವಂಥದು. ರೀಪರ್‌ನಲ್ಲಿ ಪ್ರಿಫರೆನ್ಸಸ್ ತೆರೆದು ವಿಎಸ್‌ಟಿ ಪುಟದಲ್ಲಿ ರೀಸ್ಕ್ಯಾನ್ ಮಾಡಬೇಕು. ಸ್ಕ್ಯಾನ್ ನಡುವೆ ಒಮ್ಮೆ ಕೈಕೊಟ್ಟ ಪ್ಲಗಿನನ್ನು ಅದು ನೆನಪಿಟ್ಟುಕೊಂಡು ಬದಿಗಿಡುವುದರಿಂದ, ಪ್ಲಗಿನನ್ನು ಸರಿಪಡಿಸಿದ ಮೇಲೆ ಕ್ಯಾಶ್ (ಹಿಂದಿನ ಸ್ಕ್ಯಾನ್‌ನ ನೆನಪು) ಅಳಿಸಿ ಪೂರ್ತಿಯಾಗಿ ಸ್ಕ್ಯಾನ್ ಮಾಡುವ ಆಯ್ಕೆಯನ್ನೇ ಬಳಸಬೇಕು. ವೇವ್ಸ್ ಪ್ಲಗಿನ್‌ಗಳನ್ನು ಫೋಲ್ಡರ್‌ನಲ್ಲಿ ಒಂದೊಂದಾಗಿ ಹುಡುಕುವವರಿಗೆ ಅವು ಸಿಗುವುದಿಲ್ಲ. ಅಲ್ಲಿರುವುದು ವೇವ್‌ಶೆಲ್ ಎಂಬ ಫೈಲ್, ಎಲ್ಲ ಪ್ಲಗಿನ್‌ಗಳೂ ಅದರ ಮೂಲಕವೇ ತೆರೆಯುತ್ತವೆ.

ನನ್ನ ತೀರ್ಮಾನ ಹೀಗಿದೆ. ಎಫೆಕ್ಟ್‌ಗಳಿಗೂ ಸಿಂಥ್‌ಗಳಿಗೂ ಪ್ರತ್ಯೇಕ ಇನ್‌ಸ್ಟಾಲರ್ ಮತ್ತು ಆಫ್‌ಲೈನ್ ಕೀ. ಸಮಾನ ಗುಣದ ಎರಡು ಪ್ಲಗಿನ್‌ಗಳಲ್ಲಿ ಒಂದಕ್ಕೆ ಈ ಎರಡೂ ಇದ್ದರೆ ಸ್ವಲ್ಪ ಬೆಲೆ ಹೆಚ್ಚಾದರೂ ಅದನ್ನೇ ಕೊಳ್ಳುತ್ತೇನೆ. ಮ್ಯಾನೇಜರ್ ಆ್ಯಪ್ ದೊಡ್ಡ ಸ್ಯಾಂಪಲ್ ಸಂಗ್ರಹಗಳಿಗೆ ಮಾತ್ರ, ಅದೂ ಏಪ್ರಿಲ್ ಮೇ ತಿಂಗಳ ಒಳಗೆ ಇಳಿಸಿ, ನೆಟ್ ತೆಗೆದು ಒಮ್ಮೆ ತೆರೆದು ನೋಡಿದ ಮೇಲೆ. ಕೈಯಿಂದ ನಕಲಿಸುವುದು ಸಣ್ಣ ಉಚಿತ ಪ್ಲಗಿನ್‌ಗಳಿಗೆ ಸಾಕು. ಮ್ಯಾಕ್ ಬಳಸುವವರಿಗೂ ಈ ಹೋಲಿಕೆ ಬಹುಮಟ್ಟಿಗೆ ಅನ್ವಯಿಸುತ್ತದೆ. ಆದರೆ ಆ್ಯಪಲ್‌ನ ರೆಕಾರ್ಡಿಂಗ್ ಸಾಫ್ಟ್‌ವೇರ್ ಲಾಜಿಕ್ ಪ್ರೋ ವಿಎಸ್‌ಟಿಯನ್ನು ಓದುವುದಿಲ್ಲ, ಅದಕ್ಕೆ ಆಡಿಯೊ ಯೂನಿಟ್ಸ್ (ಎಯು) ಮಾದರಿಯೇ ಬೇಕು, ಆದ್ದರಿಂದ ಅವರು ಇನ್‌ಸ್ಟಾಲರ್‌ನ ಆಯ್ಕೆಗಳ ಪುಟದಲ್ಲಿ ಎಯು ಎಂಬುದರ ಟಿಕ್ ತೆಗೆಯಬಾರದು.