ಮೂರು ಸಲ ಕಳಿಸೋದಾ, ಹ್ಯಾಮಿಂಗ್ ಕೋಡಾ?

ಗದ್ದಲದ ಚಾನೆಲ್‌ನಲ್ಲಿ (ಮಾಹಿತಿ ಸಾಗುವ ದಾರಿಯಲ್ಲಿ) ಪ್ರತಿ 100 ಬಿಟ್‌ಗೆ, ಅಂದರೆ 0 ಅಥವಾ 1ಕ್ಕೆ, ಸರಾಸರಿ ಒಂದು ಉಲ್ಟಾ ಆಗುತ್ತದೆ (0 ಇದ್ದದ್ದು 1, 1 ಇದ್ದದ್ದು 0) ಅಂದುಕೊಳ್ಳಿ. 4 ಬಿಟ್‌ಗಳನ್ನು ಸುಮ್ನೆ ಹಾಗೇ ಕಳಿಸಿದರೆ, 10,000 ಸಲದಲ್ಲಿ ಸುಮಾರು 394 ಸಲ ಏನಾದರೂ ತಪ್ಪಿರುತ್ತದೆ.

ಸುಲಭದ ದಾರಿ, ಪ್ರತಿ ಬಿಟ್ಟನ್ನೂ ಮೂರು ಸಲ ಕಳಿಸಿ ಬಹುಮತ ನೋಡುವುದು. ಮೂರರಲ್ಲಿ ಎರಡಾದರೂ ಕೆಟ್ಟರೆ ಮಾತ್ರ ಮೋಸ. ಹಾಗಾಗಿ ಒಂದು ಬಿಟ್ ತಪ್ಪಾಗುವ ಸಂಭವ ಪಿ (ಇಲ್ಲಿ 0.01) ಇದ್ದದ್ದು 3ಪಿ² − 2ಪಿ³ ಆಗುತ್ತದೆ. ನಮ್ಮ 4 ಬಿಟ್‌ಗೆ 10,000ದಲ್ಲಿ ಸುಮಾರು 12 ತಪ್ಪು. ಆದರೆ 12 ಬಿಟ್ ಕಳಿಸಬೇಕು!

1950ರಲ್ಲಿ ಗಣಿತಜ್ಞ ರಿಚರ್ಡ್ ಹ್ಯಾಮಿಂಗ್ ಪ್ರಕಟಿಸಿದ ವಿಧಾನದಲ್ಲಿ 4 ಬಿಟ್‌ಗೆ 3 ಪ್ಯಾರಿಟಿ ಬಿಟ್ (ಕೆಲವು ಬಿಟ್‌ಗಳಲ್ಲಿನ 1ಗಳ ಸಂಖ್ಯೆ ಸಮವೋ ಬೆಸವೋ ಎಂದು ಹೇಳುವ ಪರೀಕ್ಷಾ ಬಿಟ್) ಸೇರಿಸಿದರೆ ಸಾಕು, ಒಟ್ಟು 7. ಒಂದು ಬಿಟ್ ಕೆಟ್ಟರೆ ಯಾವುದೆಂದು ಪತ್ತೆ ಹಚ್ಚಿ ಸರಿಮಾಡುತ್ತದೆ. ತಪ್ಪು 10,000ಕ್ಕೆ ಸುಮಾರು 20. ತುಸು ಜಾಸ್ತಿಯೇ, ಆದರೆ ಖರ್ಚು ಹೆಚ್ಚುಕಡಿಮೆ ಅರ್ಧ, ಅಲ್ವಾ? ಎರಡು ಬಿಟ್ ಕೆಟ್ಟರೆ ಮಾತ್ರ ಇದು ಎಡವುತ್ತದೆ: ಸರಿಯಿದ್ದ ಮೂರನೆಯದನ್ನೂ ಕೆಡಿಸುತ್ತದೆ. ಎಂಟನೇ ಬಿಟ್ ಒಂದನ್ನು ಸೇರಿಸಿದರೆ ಇಂಥ ಜೋಡಿ ತಪ್ಪು ಆಗಿದೆ ಎಂದು ಕನಿಷ್ಠ ಪಕ್ಷ ಗೊತ್ತಾಗುತ್ತದೆ, ಮತ್ತೆ ಕಳಿಸಿ ಎಂದು ಕೇಳಬಹುದು.

ನನ್ನ ಆಯ್ಕೆ ಹ್ಯಾಮಿಂಗ್. ಲೆಕ್ಕ ಮಾಡಲು ಶಕ್ತಿಯೇ ಇಲ್ಲದ ಪುಟ್ಟ ಸಾಧನವಾದರೆ ಮೂರು ಸಲ ಕಳಿಸಿ. ತಪ್ಪುಗಳು ಗುಂಪಾಗಿ ಬಂದರೆ ಎರಡೂ ಸೋಲುತ್ತವೆ. ಆಗ ಅಕ್ಕಪಕ್ಕದ ಬಿಟ್‌ಗಳು ದೂರವಾಗುವಂತೆ ಕ್ರಮ ಬದಲಿಸಿ ಕಳಿಸಬೇಕು. ಅಂದಹಾಗೆ, ಗಣಿತಜ್ಞ ಕ್ಲಾಡ್ ಶ್ಯಾನನ್ 1948ರಲ್ಲಿ ತೋರಿಸಿದ ಮಿತಿಯ ಪ್ರಕಾರ ಈ ಚಾನೆಲ್‌ನಲ್ಲಿ ಕಳಿಸುವ ಪ್ರತಿ ಬಿಟ್‌ಗೆ ಸುಮಾರು 0.92 ಬಿಟ್‌ವರೆಗೂ ನಿಜವಾದ ಮಾಹಿತಿ ಸಾಗಿಸಬಹುದು. ಹ್ಯಾಮಿಂಗ್ ಸಾಗಿಸುವುದು 7ಕ್ಕೆ 4, ಅಂದರೆ 0.57 ಅಷ್ಟೇ.