ಮಳಖೇಡದ ನೇಮಿನಾಥ ಬಸದಿ: ಕಲಬುರಗಿಯಿಂದ ಬಸ್ಸಿನಲ್ಲಿ ಹೋಗಿ ನೋಡುವವರಿಗೆ

ಕಲಬುರಗಿ–ಸೇಡಂ ಬಸ್ ಹತ್ತಿದರೆ ಸುಮಾರು 40 ಕಿ.ಮೀ., ತಾಸಿನ ದಾರಿ. ರೈಲಿಗಿಂತ ಬಸ್ಸೇ ಮೇಲು. ಮಳಖೇಡ ರೋಡ್ ನಿಲ್ದಾಣ ಊರಿಂದ ದೂರ, ಅಲ್ಲಿಳಿದವರು ಮತ್ತೆ ಆಟೊ ಹುಡುಕಬೇಕು. ತಡೆರಹಿತ ಬಸ್ಸಾದರೆ ಮಳಖೇಡಕ್ಕೆ ನಿಲ್ಲುತ್ತದೋ ಇಲ್ಲವೋ ಎಂದು ಕಂಡಕ್ಟರ್ ಅವರನ್ನು ಮೊದಲೇ ಕೇಳಿ.

ಬಸದಿಯಲ್ಲಿ ಮೂಲನಾಯಕ, ಅಂದರೆ ಮುಖ್ಯ ಮೂರ್ತಿ, ತೀರ್ಥಂಕರ ನೇಮಿನಾಥ. ಆದರೆ ಹೆಚ್ಚು ಹೊತ್ತು ಕೊಡಬೇಕಾದದ್ದು 96 ಜಿನಬಿಂಬಗಳಿರುವ (ತೀರ್ಥಂಕರರ ಮೂರ್ತಿಗಳಿರುವ) ಪಂಚಲೋಹದ ಪುಟ್ಟ ಮಂಟಪಕ್ಕೆ. ಬಿಂಬಗಳು ತೀರ ಸಣ್ಣವು, ದೂರದಿಂದ ಒಂದೂ ಗುರುತು ಸಿಗುವುದಿಲ್ಲ. ಚೌವೀಸಿ (24 ತೀರ್ಥಂಕರರು ಒಟ್ಟಿಗಿರುವ ಶಿಲ್ಪ), ನಂದೀಶ್ವರ ದ್ವೀಪ (ಜೈನರು ನಂಬುವ ಪವಿತ್ರ ದ್ವೀಪದ ಪ್ರತಿರೂಪ), ಯಕ್ಷಿಯರ (ತೀರ್ಥಂಕರರ ಪರಿವಾರದ ದೇವಿಯರ) ಮೂರ್ತಿಗಳನ್ನೂ ಬಿಡಬೇಡಿ. ಕಂಬಗಳು 9ರಿಂದ 11ನೆಯ ಶತಮಾನದವು. ಚರ್ಮದ ಬೆಲ್ಟ್, ಪರ್ಸ್ ಹೊರಗಿಡಿ. ಫೋಟೊಗೆ ಅರ್ಚಕರ ಒಪ್ಪಿಗೆ ಪಡೆಯಿರಿ.

ಈ ಮಳಖೇಡವೇ ರಾಷ್ಟ್ರಕೂಟರ ಮಾನ್ಯಖೇಟ. ಜೈನ ಮುನಿ ಜಿನಸೇನಾಚಾರ್ಯರನ್ನು ಗುರುವೆಂದು ಕಂಡ ಅಮೋಘವರ್ಷ ನೃಪತುಂಗ ಆಳಿದ ರಾಜಧಾನಿ. 972ರಲ್ಲಿ ಮಾಳವದ ಪರಮಾರ ದೊರೆ ಸೀಯಕ ಇದನ್ನು ಕೊಳ್ಳೆಹೊಡೆದ. ಇಷ್ಟು ತಿಳಿದು ಹೋಗದಿದ್ದರೆ ಬಸದಿ ಒಂದು ಸಾಧಾರಣ ಹಳೆಯ ಗುಡಿಯಂತೆ ಕಂಡೀತು, ಅದು ದೊಡ್ಡ ನಷ್ಟ. ಕಾಗಿಣಾ ನದಿಯ ದಂಡೆಯ ಕೋಟೆಗೂ ಸಮಯ ಇಟ್ಟುಕೊಳ್ಳಿ. ಬೇಸಿಗೆಯಲ್ಲಿ ಬೆಳಗಿನ ಬಸ್ಸೇ ಸರಿ. ಮಧ್ಯಾಹ್ನ ಬರಿಗಾಲಿಗೆ ಕಲ್ಲಿನ ನೆಲ ಸುಡುತ್ತದೆ.